ಬೋರ್ಡ್ ನೋಡಿ ಚಂದ ಬರೀತಾವ, ಓದು ಅಂದ್ರ ಸುಮ್ನ ನಿಂದರ್ತಾವ

ಪ್ರಶ್ನೆ: ಮೇಡಂ, ನಾನು ಡಿ.ಎಲ್.ಇಡಿ (ಟೀಚರ್ ಟ್ರೇನಿಂಗ್) ಎರಡನೇ ವರ್ಷದಾಗ ಅದೀನಿ. ಇಂಟರ್ನ್‌ಶಿಪ್‌ಗೆ ಕೊಪ್ಪಳ ಕಡೆ ಒಂದು ಹಳ್ಳಿ ಶಾಲಿ ಕೊಟ್ಟಾರ, ನಲಿಕಲಿ ಕ್ಲಾಸು, ಅಂದ್ರ ಒಂದರಿಂದ ಮೂರನೇತ್ತಾ ಮಕ್ಕಳು ಕೂಡಿ ಕುಂತು ಕಾರ್ಡಿನ ಮ್ಯಾಲ ಕಲಿಯೋದು. ಮಕ್ಕಳು ಅ ಆ ಇ ಈ ಪಟಪಟ ಹೇಳ್ತಾವ, ಬೋರ್ಡ್ ಮ್ಯಾಲಿಂದು ಮುತ್ತಿನಂಗ ಬರೀತಾವ, ಆದ್ರ ಬರ್ದಿದ್ದನ್ನ ಓದು ಅಂದ್ರ ಸುಮ್ನ ನಿಂದರ್ತಾವ. ನಾವು ಸಣ್ಣವರಿದ್ದಾಗ ಅಕ್ಷರಮಾಲಿ ಬಾಯಿಪಾಠ ಮಾಡಿ, ತಿದ್ದಿ ತಿದ್ದಿ ಕಲ್ತೇವಿ. ಈಗ ರ ಗ ಸ ದ ಅ ಇಂದ ಶುರು ಮಾಡ್ರಿ ಅಂತಾರ. ಯಾವುದು ಸರಿ? ಖರೇನ ಮಗು ಓದೋದು ಬರೆಯೋದು ಹೆಂಗ ಕಲೀತದ? ಮುಂದ ನಾನೂ ಟೀಚರ್ ಆಗಾಕಿ, ಅದಕ್ಕ ಕೇಳಾಕತ್ತೀನಿ.

ಉತ್ತರ: ನಿಮ್ಮ ಪ್ರಶ್ನೇಲೇ ಅರ್ಧ ಉತ್ತರ ಇದೆ ನೋಡಿ. ನೀವು ಮೂರು ಬೇರೆ ಬೇರೆ ಕೆಲಸ ನೋಡಿದೀರಿ, ಬಾಯಲ್ಲಿ ಹೇಳೋದು, ನೋಡಿಕೊಂಡು ಬರೆಯೋದು, ಓದೋದು. ಮೊದಲಿನ ಎರಡು ಬಂದಮೇಲೆ ಮೂರನೇದು ತಾನಾಗೇ ಬರಬೇಕಿತ್ತಲ್ಲ ಅಂತ ನಿಮ್ಮ ಲೆಕ್ಕ. ಹಾಗೆ ಬರಲ್ಲ. ಅ ಆ ಇ ಈ ಪಟಪಟ ಹೇಳೋ ಮಗುವಿಗೆ ಚಾರ್ಟಿನ ಮಧ್ಯದಲ್ಲಿರೋ ಏ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿ, ಬಹಳಷ್ಟು ಮಕ್ಕಳು ಮತ್ತೆ ಅ ಇಂದ ಶುರುಮಾಡಿ ಹಾಡ್ಕೊಂಡು ಅಲ್ಲಿಗೆ ಬಂದು ಏ ಅಂತಾರೆ, ಅಂದ್ರೆ ಅವರಿಗೆ ಗೊತ್ತಿರೋದು ಹಾಡು. ಇನ್ನು ಬೋರ್ಡ್ ನೋಡಿ ಬರೆಯೋದು, ಪಕ್ಕದ ಮನೆ ರಂಗೋಲಿ ನೋಡ್ಕೊಂಡು ಬಂದು ನಮ್ಮ ಮನೆ ಮುಂದೆ ಹಾಕಿದ ಹಾಗೆ, ಗೆರೆ ಎಲ್ಲ ಸರಿಯಾಗೇ ಇರತ್ತೆ, ಕೈ ಪಳಗತ್ತೆ, ಅದೇನೂ ಕೆಟ್ಟದ್ದಲ್ಲ, ಆದರೆ ಆ ಗೆರೆಗೂ ಬಾಯಿಂದ ಬರೋ ಸದ್ದಿಗೂ ಸಂಬಂಧ ಇದೆ ಅನ್ನೋದು ಅದರಿಂದ ಗೊತ್ತಾಗಲ್ಲ. ಆ ಸಂಬಂಧವನ್ನ ಬೇರೆಯಾಗೇ ಕಲಿಸಬೇಕು, ಮಗು ತಾನೂ ಅದನ್ನ ಹುಡುಕಿಕೊಳ್ಳತ್ತೆ. ಈ ಹುಡುಕಾಟ ಎಲ್ಲಿಗೆ ಬಂದಿದೆ ಅಂತ ನಮಗೆ ಕಾಣೋದು ಮಗು ಮಾಡೋ ತಪ್ಪಿನಲ್ಲಿ. ಬೋರ್ಡಿಂದ ಇಳಿಸಿಕೊಂಡ ಮುತ್ತಿನಂಥ ಪುಟದಲ್ಲಿ ಟೀಚರಿಗೆ ಏನೂ ಸಿಗಲ್ಲ. ನನಗೆ ಹೇಳೋಕಿರೋದು ಮುಖ್ಯವಾಗಿ ಇದೇ, ಉಳಿದಿದ್ದೆಲ್ಲ ಇದರ ಸುತ್ತ.

ಮೊದಲು ರಗಸದಅ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಇದರ ಬಗ್ಗೆ ಊರಲ್ಲಿ ಜಗಳ ಜಾಸ್ತಿ, ಹುರುಳು ಕಮ್ಮಿ. ವರ್ಣಮಾಲೆ ಅನ್ನೋದು ಬಹಳ ಜಾಣತನದಿಂದ ಜೋಡಿಸಿದ ಪಟ್ಟಿ, ಕ ಖ ಗ ಘ ಗಂಟಲ ಹತ್ತಿರ ಹುಟ್ಟತ್ತೆ, ಪ ಫ ಬ ಭ ತುಟೀಲಿ, ಸದ್ದು ಬಾಯಲ್ಲಿ ಎಲ್ಲಿ ಹುಟ್ಟತ್ತೆ ಅಂತ ನೋಡಿ ಸಾಲು ಮಾಡಿದಾರೆ. ಆದ್ರೆ ಆರು ವರ್ಷದ ಮಗುವಿಗೆ ಆ ಜಾಣತನ ಕಾಣಲ್ಲ. ಅದಕ್ಕೆ ಕಾಣೋದು ಋ, ಙ, ಞ, ತಾನಾಡೋ ಮಾತಲ್ಲಿ ಸಿಗದ ಗುರುತುಗಳು. ಸುಮಾರು ಐವತ್ತು ಅಕ್ಷರ ಎಲ್ಲ ಮುಗಿಯೋವರೆಗೆ ಒಂದು ಪದಾನೂ ಓದದೆ ತಿಂಗಳುಗಟ್ಟಲೆ ಕೂರಬೇಕು. ರ ಗ ಸ ದ ಅ ತಗೊಂಡ್ರೆ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಅಂತ ಪದ ಹುಟ್ಟತ್ತೆ, ಬರೆಯೋಕೂ ಆಕಾರ ಅಷ್ಟು ಕಷ್ಟ ಇಲ್ಲ, ಆಮೇಲೆ ಜ ವ ಮ ಬ ನ ಸೇರಿದ್ರೆ ಮರ, ಜನ, ದನ, ಮಗ, ಬಸವ. ಮಗು ಕೆಲವೇ ದಿನದಲ್ಲಿ ಒಂದು ಪದ ಓದಿ, ಓ ಇದು ನಂಗೆ ಗೊತ್ತಿರೋದೇ ಅಂತ ಮುಖ ಅರಳಿಸತ್ತೆ. ಆ ಖುಷಿಗೋಸ್ಕರ ಕ್ರಮ ಬದಲಾಯಿಸಿದ್ದು, ಅಷ್ಟೇ. ನಲಿಕಲಿ ಶುರುವಾಗಿದ್ದೇ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಲ್ಲಿ, ಯುನಿಸೆಫ್ ನೆರವಿತ್ತು, ಆಂಧ್ರದ ರಿಷಿ ವ್ಯಾಲಿಗೆ ನಮ್ಮ ಮೇಷ್ಟ್ರುಗಳು ಹೋಗಿ ನೋಡಿಕೊಂಡು ಬಂದು ಕಾರ್ಡು, ಏಣಿ (ಯಾವ ಕಾರ್ಡ್ ಆದಮೇಲೆ ಯಾವುದು ಅನ್ನೋ ಮೆಟ್ಟಿಲ ಪಟ್ಟಿ) ಎಲ್ಲ ಕೂತು ಮಾಡಿದ್ರು. ಮೇಲಿಂದ ಇಳಿದ ಆರ್ಡರ್ ಆಗಿ ಅದು ಹುಟ್ಟಿದ್ದಲ್ಲ, ಆರ್ಡರ್ ಆಗಿದ್ದು ಆಮೇಲೆ.

ಆದ್ರೆ ಇದರಲ್ಲೂ ಒಂದು ತೊಡಕಿದೆ. ಕನ್ನಡದ ಮಗು ದಿನಾ ಆಡೋ ಪದ ಯಾವುದು ಹೇಳಿ? ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅನ್ನ, ಅಕ್ಕಿ, ರೊಟ್ಟಿ, ಬೆಕ್ಕು, ಎಮ್ಮೆ. ಒಂದಾದರೂ ಒತ್ತಕ್ಷರ ಬಿಟ್ಟಿದೆಯಾ? ಒತ್ತಿಲ್ಲದಿದ್ರೆ ಗುಣಿತ ಇದೆ, ಹಾಲು, ಮನೆ, ನಾಯಿ, ನೀರು. ನಾವು ಸುಲಭದಿಂದ ಕಷ್ಟಕ್ಕೆ ಅಂತ ಹೊರಟು ಮಗುವಿಗೆ ಅತಿ ಹತ್ತಿರದ ಪದಗಳನ್ನೇ ಕೊನೆಗಿಟ್ಟು, ಅದು ನೋಡೇ ಇರದ ಗರಗಸವನ್ನ ಮೊದಲು ಕೊಡ್ತೀವಿ. ಇದಕ್ಕೆ ನನ್ನ ದಾರಿ ಏನಂದ್ರೆ, ಅಕ್ಷರ ಕಲಿಸೋದು ಏಣಿಯ ಕ್ರಮದಲ್ಲೇ ಆಗಲಿ, ಪಕ್ಕದಲ್ಲಿ ಮಗುವಿಗೆ ಪ್ರೀತಿಯಿರೋ ಹತ್ತಿಪ್ಪತ್ತು ಪದ ಇಡಿಯಾಗಿ ಕಣ್ಣಿಗೆ ಬೀಳ್ತಾ ಇರಲಿ. ಮಗುವಿನ ಹೆಸರು ಎಲ್ಲಕ್ಕಿಂತ ಮೊದಲು. ಹಾಜರಿಗೆ ಹೆಸರಿನ ಚೀಟಿ ಮಾಡಿ, ಬೆಳಿಗ್ಗೆ ಬಂದವರು ತಮ್ಮ ಚೀಟಿ ತಾವೇ ಹುಡುಕಿ ಗೋಡೆಗೆ ಸಿಕ್ಕಿಸಲಿ. ಮಂಜುನಾಥ ಮತ್ತೆ ಮಂಜುಳಾ ಇಬ್ಬರೂ ಇದ್ದರಂತೂ ಕೇಳಲೇಬೇಡಿ, ಮೊದಲೆರಡು ಅಕ್ಷರ ಒಂದೇ, ಆಮೇಲೆ ಬೇರೆ, ಅಂತ ಅವರೇ ಜಗಳ ಆಡಿ ಕಂಡುಹಿಡೀತಾರೆ.

ಈಗ ದೊಡ್ಡ ಪ್ರಶ್ನೆ, ಮಗು ಹೇಗೆ ಕಲಿಯತ್ತೆ ಅನ್ನೋದು. ಮಗು ಶಾಲೆಗೆ ಬರೋವಾಗ ಖಾಲಿ ಸ್ಲೇಟಾಗಿ ಬರಲ್ಲ. ಅಂಗನವಾಡಿ ವಯಸ್ಸಲ್ಲೇ ಬಿಸ್ಕತ್ತಿನ ಪೊಟ್ಟಣ ಗುರುತು ಹಿಡಿಯತ್ತೆ, ಮನೇಲಿ ಯಾರಾದ್ರೂ ಪೇಪರ್ ಹಿಡಿದು ಕೂತರೆ ತಾನೂ ತಲೆಕೆಳಗಾಗಿ ಒಂದು ಹಿಡಿದು ಗುಣುಗುಣು ಅನ್ನತ್ತೆ, ಗೋಡೆ ಮೇಲೆ ಸೊನ್ನೆ ಸೊನ್ನೆ ಗೀಚಿ ಇದು ನನ್ನ ಹೆಸರು ಅನ್ನತ್ತೆ. ಇದೆಲ್ಲ ಓದಿಗೆ ಮುಂಚಿನ ಆಟ ಅಂತ ಮೊದಲು ತಳ್ಳಿಹಾಕ್ತಿದ್ರು. ನ್ಯೂಜಿಲೆಂಡಿನ ಸಂಶೋಧಕಿ ಮೇರಿ ಕ್ಲೇ 1960ರ ದಶಕದಲ್ಲೇ ಇದು ಓದಿನ ಶುರುವೇ ಅಂತ ತೋರಿಸಿದ್ರು. ಎಮಿಲಿಯಾ ಫೆರೇರೊ ಮತ್ತೆ ಆನಾ ತೆಬೆರೋಸ್ಕಿ ಅನ್ನೋ ಇಬ್ಬರು ಅರ್ಜೆಂಟೀನಾದ ಮಕ್ಕಳ ಜೊತೆ ಕೂತು ಮಾಡಿದ ಕೆಲಸ 1979ರಲ್ಲಿ ಪುಸ್ತಕವಾಗಿ ಬಂತು, ಅದರಲ್ಲಿ ಒಂದು ವಿಷಯ ಬಹಳ ಚೆನ್ನಾಗಿದೆ. ಬರಹ ಅಂದ್ರೆ ಸದ್ದಿನ ಗುರುತು ಅಂತ ಗೊತ್ತಾಗೋಕೆ ಮುಂಚೆ ಮಕ್ಕಳು ಬರಹ ಅಂದ್ರೆ ವಸ್ತುವಿನ ಗುರುತು ಅಂದುಕೊಂಡಿರ್ತಾರೆ, ದೊಡ್ಡ ಪ್ರಾಣಿಗೆ ಉದ್ದ ಹೆಸರು ಇರಬೇಕು ಅನ್ನೋದು ಅವರ ನಂಬಿಕೆ. ನಮ್ಮಲ್ಲಿ ಇದನ್ನ ನೋಡೋಕೆ ಬಹಳ ಸುಲಭ. ಒಂದು ಚೀಟೀಲಿ ಆನೆ, ಇನ್ನೊಂದರಲ್ಲಿ ಇರುವೆ ಅಂತ ಬರೆದು ಓದದ ಮಗುವಿನ ಮುಂದಿಟ್ಟು ಇದರಲ್ಲಿ ಆನೆ ಯಾವುದು ಅಂತ ಕೇಳಿ. ಉದ್ದ ಇರೋ ಚೀಟಿ ತೋರಿಸಿದ್ರೆ ಮಗು ಸದ್ದಿನ ಕಡೆ ಇನ್ನೂ ತಿರುಗಿಲ್ಲ ಅಂತರ್ಥ. ಅಂಥ ಮಗುವಿಗೆ ಆ ಹಂತದಲ್ಲಿ ರ ತಿದ್ದು, ಗ ತಿದ್ದು ಅಂದ್ರೆ ತಿದ್ದತ್ತೆ ಪಾಪ, ಯಾಕೆ ಅಂತ ತಿಳಿಯಲ್ಲ. ಅದಕ್ಕೆ ಮೊದಲು ಬೇಕಿರೋದು ಚಪ್ಪಾಳೆ ತಟ್ಟಿ ಪದ ಒಡೆಯೋ ಆಟ, ಆ-ನೆ ಎರಡು, ಇ-ರು-ವೆ ಮೂರು, ಅಂತ್ಯಾಕ್ಷರಿ, ಕೊನೇ ಸದ್ದು ಒಂದೇ ಇರೋ ಹಾಡುಗಳು.

ಕನ್ನಡದ ಮಕ್ಕಳಿಗೆ ಒಂದು ಅನುಕೂಲ ಇದೆ, ನಮ್ಮ ಅಕ್ಷರ ಚಪ್ಪಾಳೆಗೆ ಹೆಚ್ಚುಕಮ್ಮಿ ಸರಿಯಾಗಿ ಕೂರತ್ತೆ. ಮ-ರ, ಎರಡು ಚಪ್ಪಾಳೆ ಎರಡು ಅಕ್ಷರ. ಇಂಗ್ಲಿಷ್ ಮಗುವಿನ ಹಾಗೆ ಮೊದಲ ದಿನವೇ ಮ್ ಬೇರೆ ಅ ಬೇರೆ ಅಂತ ಒಡೀಬೇಕಿಲ್ಲ. ಅನಾನುಕೂಲ ಏನಂದ್ರೆ ಇಂಗ್ಲಿಷಿಗೆ 26 ಆಕಾರ, ದೊಡ್ಡಕ್ಷರ ಚಿಕ್ಕಕ್ಷರ ಸೇರಿದ್ರೂ 52, ನಮಗೆ 34 ವ್ಯಂಜನಕ್ಕೆ ಒಂದೊಂದಕ್ಕೂ ಹದಿಮೂರು ಹದಿನಾಲ್ಕು ಗುಣಿತ ಅಂದ್ರೆ ಅಲ್ಲಿಗೇ ನಾನೂರು ದಾಟ್ತು, ಒತ್ತು ಬೇರೆ. ಹಾಗಾಗಿ ನಮ್ಮ ಮಕ್ಕಳಿಗೆ ಟೈಂ ಬೇಕು. ಸೊನಾಲಿ ನಾಗ್ ಅವರು ಕನ್ನಡ ಓದೋ ಮಕ್ಕಳ ಮೇಲೆ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟ ಆಯ್ತು, ಅದರಲ್ಲಿ ಕಂಡಿದ್ದು ಇದೇ, ಕನ್ನಡದಲ್ಲಿ ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯಲ್ಲ, ನಾಲ್ಕನೇ ಕ್ಲಾಸಿನವರೆಗೂ ನಡೀತಾನೇ ಇರತ್ತೆ, ಅಕ್ಷರದೊಳಗಿನ ಸಣ್ಣ ಸದ್ದನ್ನ ಬಿಡಿಸಿ ಕೇಳಿಸಿಕೊಳ್ಳೋ ಶಕ್ತಿ ಇನ್ನೂ ನಿಧಾನವಾಗಿ ಬರತ್ತೆ. ಹಾಗಿದ್ದಾಗ ಎರಡನೇ ಕ್ಲಾಸಿನ ಮಗುವಿಗೆ ಘೌ, ಧೃ ಬರಲಿಲ್ಲ ಅಂತ ದಡ್ಡ ಅನ್ನೋದು ಎಷ್ಟು ಅನ್ಯಾಯ ನೋಡಿ.

ಗುಣಿತ ಕಲಿಸೋವಾಗ ನಮ್ಮವರು ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ ಅಂತ ಬಳ್ಳಿ ಹೇಳಿಸ್ತಾರೆ. ನನಗೆ ಅದರ ಮೇಲೆ ಕೋಪ ಇಲ್ಲ, ಚೆನ್ನಾಗಿದೆ, ಲಯ ಇದೆ, ಮಕ್ಕಳಿಗೆ ಇಷ್ಟ. ಆದ್ರೆ ಕ ದಿಂದ ಳ ವರೆಗೆ ಒಂದೊಂದಕ್ಕೂ ಬಳ್ಳಿ ಬರೆಸಿ ನೋಟ್‌ಬುಕ್ ತುಂಬಿಸೋದರಲ್ಲಿ ಅರ್ಥ ಇಲ್ಲ. ಮಗು ಹಿಡೀಬೇಕಾದ್ದು ನಾನೂರು ಆಕಾರ ಅಲ್ಲ, ಗುಡಿಸು ಬಂದ್ರೆ ಇ ಸದ್ದು, ಅದು ಯಾರ ತಲೆ ಮೇಲೆ ಕೂತರೂ ಇ ಸದ್ದೇ, ಅನ್ನೋ ಒಂದು ಗುಟ್ಟು. ಕ, ಗ, ಸ ಮೂರಕ್ಕೆ ಗುಡಿಸು ಹಾಕಿ ತೋರಿಸಿ, ಆಮೇಲೆ ಕಲಿಸದೇ ಇರೋ ಬಿ ಕೊಟ್ಟು ಇದೇನಿರಬಹುದು ಅಂತ ಕೇಳಿ. ಹೇಳಿದ್ರೆ ಗುಟ್ಟು ಸಿಕ್ಕಿದೆ, ಇನ್ನು ಗುಡಿಸಿಗೆ ಬಳ್ಳಿ ಬೇಕಿಲ್ಲ. ಹೇಳದಿದ್ರೆ ಇನ್ನೆರಡು ತೋರಿಸಿ. ಕಲಿಸಿದ್ದನ್ನ ಕೇಳಿದ್ರೆ ನೆನಪು ಗೊತ್ತಾಗತ್ತೆ, ಕಲಿಸದ್ದನ್ನ ಕೇಳಿದ್ರೆ ತಾನೇ ಮಗು ಏನು ಹಿಡ್ಕೊಂಡಿದೆ ಅಂತ ಗೊತ್ತಾಗೋದು. ಕೆಲವು ಕಡೆ ಮಾತ್ರ ನೀವು ನಿಂತು ತೋರಿಸಬೇಕು, ಪು, ವು ಬರೆಯೋವಾಗ ಕೊಂಬು ಕೆಳಗಿಂದ ಹೋಗತ್ತೆ, ವ ಗೆ ಬೇರೆ ಅಕ್ಷರದ ಹಾಗೇ ಪಕ್ಕದಲ್ಲಿ ಕೊಂಬು ಎಳೆದರೆ ಅದು ಮ ಥರ ಆಗಿಬಿಡತ್ತೆ, ಮಕ್ಕಳು ಅಲ್ಲಿ ಎಡವೋದು ಸಹಜ.

ತಪ್ಪಿನ ವಿಷಯಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ತೀನಿ, ಬೇಜಾರು ಮಾಡ್ಕೋಬೇಡಿ. ಒಂದು ಮಗು, ಬೋರ್ಡ್ ನೋಡದೆ, ತನ್ನಷ್ಟಕ್ಕೆ ತಾನು, ನನ ಹಲು ಬಿತು ಅಂತ ಬರೀತು ಅಂದ್ಕೊಳ್ಳಿ. ಕೆಂಪು ಪೆನ್ನಿನವರಿಗೆ ಮೂರು ಪದ ಮೂರು ತಪ್ಪು. ಸರಿಯಾಗಿ ನೋಡಿ, ಹಲ್ಲು ಬಿದ್ದ ಸುದ್ದಿ ಹೇಳಿದೆ, ಪದ ಪದ ಬಿಟ್ಟು ಬರೆದಿದೆ, ಗುಡಿಸು ಸರಿ, ಕೊಂಬು ಎರಡೂ ಸರಿ, ಮೂರು ಕಡೇನೂ ಬಿಟ್ಟಿರೋದು ಒತ್ತು ಒಂದೇ. ಅಂದ್ರೆ ಈ ಮಗುವಿಗೆ ನಾಳೆ ಅಕ್ಷರ ತಿದ್ದಿಸೋದು ಬೇಡ, ಗುಣಿತ ಬೇಡ, ಬೇಕಿರೋದು ಕತೆ ಮತ್ತೆ ಕತ್ತೆ, ಬಳಿ ಮತ್ತೆ ಬಳ್ಳಿ, ಹಳಿ ಮತ್ತೆ ಹಳ್ಳಿ. ಟೀಚರ್ ಕತೆ ಹೇಳ್ತಾರೆ, ಟೀಚರ್ ಕತ್ತೆ ಹೇಳ್ತಾರೆ, ಅಂತ ಎರಡು ಸಾಲು ಬೋರ್ಡ್ ಮೇಲೆ ಬರೆದು ಓದಿಸಿ, ಇಡೀ ಕ್ಲಾಸು ನಕ್ಕಿದ್ದೇ ಪಾಠ. ಇನ್ನೊಂದು ಮಗು ಅಮ್ಮ ಅನ್ನೋದನ್ನ ಅಮಮ ಅಂತ ಬರೆಯತ್ತೆ. ಇದು ಅಮ ಅಂತ ಬರೆದ ಮಗುವಿಗಿಂತ ಒಂದು ಹೆಜ್ಜೆ ಮುಂದಿದೆ, ಎರಡು ಮ ಇದೆ ಅಂತ ಕಿವಿಗೆ ಸಿಕ್ಕಿದೆ, ಅದನ್ನ ಎಲ್ಲಿಡಬೇಕು ಅಂತ ಮಾತ್ರ ಗೊತ್ತಿಲ್ಲ, ಒಂದು ಕೆಳಗೆ ಹೋಗತ್ತೆ ಕಂದ ಅಂತ ಹೇಳಿದ್ರೆ ಮುಗೀತು. ಹಂಪಿ ಅನ್ನೋದನ್ನ ಹಮ್ಪಿ ಅಂತ ಬರೆಯೋ ಮಗು ಸಿಕ್ಕರೆ ಬೆನ್ನು ತಟ್ಟಿ, ಯಾಕಂದ್ರೆ ಆ ಸೊನ್ನೆ ಬಂದ ಅನ್ನೋವಾಗ ಒಂಥರ, ಹಂಪಿ ಅನ್ನೋವಾಗ ಇನ್ನೊಂಥರ ಕೇಳತ್ತೆ, ನಾವು ದೊಡ್ಡವರು ಅದನ್ನ ಗಮನಿಸೋದೇ ಬಿಟ್ಟಿದೀವಿ.

ಸೂರ್ಯ ಅನ್ನೋದನ್ನ ಸೂಯ್ರ ಅಂತ ಬರೆಯೋರು ಪ್ರತಿ ಕ್ಲಾಸಲ್ಲೂ ಇರ್ತಾರೆ. ಇಲ್ಲಿ ನ್ಯಾಯವಾಗಿ ನೋಡಿದ್ರೆ ಗೊಂದಲ ಮಾಡಿರೋದು ನಮ್ಮ ಲಿಪಿ. ರ್ ಸದ್ದು ಮೊದಲು ಬರತ್ತೆ, ಅರ್ಕಾವೊತ್ತನ್ನ ಮಾತ್ರ ಯ ಬರೆದಮೇಲೆ ಪಕ್ಕದಲ್ಲಿ ಹಾಕ್ತೀವಿ, ಕೇಳೋ ಕ್ರಮ ಒಂದು ಬರೆಯೋ ಕ್ರಮ ಒಂದು. ರ ಬರೆದು ಅದರ ಕೆಳಗೆ ಯ ಒತ್ತು ಕೊಟ್ಟು ಬರೆಯೋದೂ ಕನ್ನಡದಲ್ಲಿ ಉಂಟು, ಹಾಗೆ ಬರೆದ ಮಗುವಿಗೆ ತಪ್ಪು ಅಂತ ಗೀಟು ಹಾಕೋರನ್ನ ನೋಡಿದ್ರೆ ಮಾತ್ರ ನನಗೆ ಸಿಟ್ಟು ಬರತ್ತೆ.

ಆಮೇಲೆ ಮನೆಮಾತು. ನೀವೇ ನನಗೆ ಬರೆದ ಕನ್ನಡ ನೋಡ್ಕೊಳ್ಳಿ, ಅದು ಪಠ್ಯಪುಸ್ತಕದ ಕನ್ನಡ ಅಲ್ಲ, ನಾನು ಬರೀತಿರೋದೂ ಅಲ್ಲ, ಆದ್ರೂ ನಮಗಿಬ್ಬರಿಗೂ ಅರ್ಥ ಆಯ್ತಲ್ಲ. ನಿಮ್ಮ ಶಾಲೆಯ ಮಗು ಪುಸ್ತಕದಲ್ಲಿ ಹೋಗುತ್ತಾನೆ ಅಂತಿರೋದನ್ನ ನೋಡಿ ಹೋಗ್ತಾನ ಅಂತ ಓದಿದ್ರೆ ತಿದ್ದಬೇಡಿ, ಅದು ಅರ್ಥ ಮಾಡ್ಕೊಂಡು ಓದಿದೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಬರೀ ಅಕ್ಷರ ಕೂಡಿಸ್ತಿರೋ ಮಗು ಹೋ-ಗು-ತ್ತಾ-ನೆ ಅಂತ ಒಂದೊಂದೇ ಹೇಳಿ ಮುಂದೆ ಹೋಗತ್ತೆ, ಯಾರು ಹೋದ ಅಂತ ಕೇಳಿದ್ರೆ ಗೊತ್ತಿರಲ್ಲ. ಹಳೇ ಮೈಸೂರು ಕಡೆ ಹಾಲು ಅನ್ನೋದನ್ನ ಆಲು ಅಂತ ಬರೆಯೋದು, ಶ ಷ ಸ ಕಲಸಿಹೋಗೋದು, ಖ ಘ ಧ ಭ ಬಿಟ್ಟುಹೋಗೋದು ಇವೆಲ್ಲ ಮಾತಿನಲ್ಲಿ ಆ ವ್ಯತ್ಯಾಸ ಇಲ್ಲದೇ ಇರೋದರಿಂದ ಬರೋವು, ಕಿವಿಯಿಂದ ಸಿಗಲ್ಲ, ಕಣ್ಣಿಂದಲೇ ಕಲೀಬೇಕು, ಓದ್ತಾ ಓದ್ತಾ ಕೂರತ್ತೆ. ಒಂದನೇ ಕ್ಲಾಸಲ್ಲಿ ಅದಕ್ಕೋಸ್ಕರ ಹೊಡೆದಾಡಬೇಡಿ.

ಕನ್ನಡವೇ ಮನೆಮಾತಲ್ಲದ ಮಕ್ಕಳ ಕಥೆ ಬೇರೆ. ಕರಾವಳೀಲಿ ತುಳು, ಬ್ಯಾರಿ, ಕೊಂಕಣಿ, ನಿಮ್ಮ ಕಡೆ ತಾಂಡಾದ ಲಂಬಾಣಿ ಮಕ್ಕಳು, ಉರ್ದು, ತೆಲುಗು ಮನೆಯ ಮಕ್ಕಳು. ಇವರು ಅಕ್ಷರ ಬೇಗ ಕಲಿತು ಚೆನ್ನಾಗಿ ಓದಿಬಿಡಬಹುದು, ಓದಿದ್ದು ಏನು ಅಂತ ಗೊತ್ತಾಗದೇ ಇರಬಹುದು. 1986ರಲ್ಲಿ ಗಫ್ ಮತ್ತೆ ಟನ್ಮರ್ ಅನ್ನೋರು ಒಂದು ಲೆಕ್ಕ ಕೊಟ್ಟಿದ್ರು, ಓದು ಅಂದ್ರೆ ಅಕ್ಷರ ಬಿಡಿಸೋ ಶಕ್ತಿಯನ್ನ ಮಾತು ಅರ್ಥ ಮಾಡ್ಕೊಳ್ಳೋ ಶಕ್ತಿಯಿಂದ ಗುಣಿಸಿದ್ದು ಅಂತ. ಕೂಡಿಸಿದ್ದಲ್ಲ, ಗುಣಿಸಿದ್ದು, ಒಂದು ಸೊನ್ನೆ ಆದ್ರೆ ಇನ್ನೊಂದು ಎಷ್ಟೇ ಇದ್ರೂ ಬರೋದು ಸೊನ್ನೆ. ನಿಮ್ಮ ಕ್ಲಾಸಿನ ಸುಮ್ನ ನಿಂದ್ರೋ ಮಕ್ಕಳಲ್ಲಿ ಯಾರಿಗೆ ಅಕ್ಷರ ಸೊನ್ನೆ, ಯಾರಿಗೆ ಮಾತು ಸೊನ್ನೆ ಅಂತ ಮೊದಲು ಬೇರೆ ಮಾಡಿ, ಎರಡಕ್ಕೂ ಔಷಧ ಬೇರೆ. ನೀವೇ ಒಂದು ಪುಟ್ಟ ಕಥೆ ಓದಿ ಹೇಳಿ ಪ್ರಶ್ನೆ ಕೇಳಿ. ಉತ್ತರ ಬಂದ್ರೆ ಮಾತು ಇದೆ, ಅಕ್ಷರ ಕಲಿಸಿ. ಬರದಿದ್ರೆ ಅಕ್ಷರದ ಜೊತೆಗೆ ಮಾತಾಡಿಸಬೇಕು, ಚಿತ್ರ ತೋರಿಸಿ ಅವರ ಮನೆಮಾತಲ್ಲೇ ಹೇಳಿಸಿ, ಕ್ಲಾಸಲ್ಲಿ ಎರಡೂ ಭಾಷೆ ಬರೋ ದೊಡ್ಡ ಹುಡುಗಿ ಇದ್ದೇ ಇರ್ತಾಳೆ ಅವಳ ಸಹಾಯ ತಗೊಂಡು ಕನ್ನಡದಲ್ಲಿ ಬೋರ್ಡ್ ಮೇಲೆ ಬರೀರಿ. ಮನೆಮಾತು ಆಡಿದ್ರೆ ಬೈಯೋದು ಮಾತ್ರ ಬೇಡವೇ ಬೇಡ, ಬೈದ್ರೆ ಮಗು ಎರಡೂ ಭಾಷೇಲಿ ಬಾಯಿ ಮುಚ್ಚತ್ತೆ.

ಬರವಣಿಗೆ ಬಗ್ಗೆ ಹೇಳಬೇಕು. ಮಗು ಬರೆಯೋಕೆ ಮುಂಚೆ ಚಿತ್ರ ಬರೆಯತ್ತೆ, ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್ಸ್ಕಿ ಬರವಣಿಗೆಯ ಬೇರನ್ನ ಮಗುವಿನ ಸನ್ನೆ, ಆಟ, ಚಿತ್ರದಲ್ಲಿ ಹುಡುಕಿದ್ರು, ಅದು ನಮ್ಮ ಕ್ಲಾಸಲ್ಲಿ ಕಣ್ಣಿಗೇ ಕಾಣತ್ತೆ. ದಿನಾ ಸ್ವಲ್ಪ ಹೊತ್ತು, ಹತ್ತು ನಿಮಿಷ ಸಾಕು, ಖಾಲಿ ಹಾಳೆ ಕೊಡಿ, ಏನಾದ್ರೂ ಚಿತ್ರ ಬರೀಲಿ, ಅದರ ಬಗ್ಗೆ ಮಗು ಹೇಳಿದ ಒಂದು ಮಾತನ್ನ ನೀವು ಕೆಳಗೆ ಬರೀರಿ, ಮಗು ಹೇಳಿದ ಹಾಗೇ, ನಮ್ಮೆಮ್ಮಿ ಕರಾ ಹಾಕೇತಿ ಅಂದ್ರೆ ಹಾಗೇ ಬರೀರಿ, ಪಠ್ಯದ ಭಾಷೆಗೆ ತಿರುಗಿಸೋಕೆ ಹೋಗಬೇಡಿ. ತಾನಾಡಿದ ಮಾತು ಹಾಳೆ ಮೇಲೆ ಕೂತಿದೆ, ನಾಳೆ ಬಂದು ನೋಡಿದ್ರೂ ಅದೇ ಇರತ್ತೆ, ಬರಹ ಅಂದ್ರೆ ಏನು ಅಂತ ಮಗುವಿಗೆ ತಿಳಿಯೋದು ಆಗ. ಕೆಲವು ವಾರ ಆದಮೇಲೆ ತಾನೇ ಬರೆಯೋಕೆ ಶುರು ಮಾಡತ್ತೆ, ಗೊತ್ತಿರೋ ಅಕ್ಷರದಲ್ಲಿ, ತಪ್ಪು ತಪ್ಪಾಗಿ, ಬರೀಲಿ ಬಿಡಿ. ಒಂದು ಸಲಕ್ಕೆ ಒಂದೇ ತಪ್ಪು ಹಿಡ್ಕೊಳ್ಳಿ, ಉಳಿದಿದ್ದು ಇನ್ನೊಂದು ದಿನಕ್ಕೆ.

ಅಪ್ಪ ಅಮ್ಮ ಬಂದು ಕೇಳೇ ಕೇಳ್ತಾರೆ, ಏನ್ರೀ ಟೀಚರ್, ತಪ್ಪು ಬರ್ದಿದ್ರೂ ರೈಟ್ ಹಾಕೀರಿ ಅಂತ. ಅವರ ಹತ್ತಿರ ಸಿದ್ಧಾಂತ ಮಾತಾಡೋಕೆ ಹೋಗಬೇಡಿ. ಜೂನ್ ತಿಂಗಳಿನ ಹಾಳೆ ಒಂದು, ಈಗಿನ ಹಾಳೆ ಒಂದು ಪಕ್ಕಪಕ್ಕ ಇಟ್ಟು ತೋರಿಸಿ. ಅದಕ್ಕೋಸ್ಕರ ಪ್ರತಿ ಮಗುವಿನ ಹಾಳೆಗಳನ್ನ ತಾರೀಖು ಹಾಕಿ ಒಂದು ಫೈಲಲ್ಲಿ ಇಟ್ಕೊಳ್ಳಿ. ಎಡಗೈಯಲ್ಲಿ ಬರೆಯೋ ಮಗುವನ್ನ ಬಲಗೈಗೆ ತಿರುಗಿಸಿ ಅಂತ ಅಜ್ಜಿ ಬಂದು ಹೇಳಬಹುದು, ಬೇಡ ಅಂತ ನಯವಾಗಿ ಹೇಳಿ ಕಳಿಸಿ.

ನಾವೆಲ್ಲ ಅ ಆ ಇ ಈ ತಿದ್ದೇ ಕಲಿತಿಲ್ವಾ ಅನ್ನೋ ವಾದ ನಿಮ್ಮ ಪ್ರಶ್ನೇಲೂ ಇದೆ. ಕಲಿತ್ವಿ, ನಿಜ. ನಿಮ್ಮ ಜೊತೆ ಒಂದನೇ ಕ್ಲಾಸಲ್ಲಿ ಇದ್ದು ಹತ್ತನೇ ಕ್ಲಾಸಲ್ಲಿ ಇರದವರನ್ನ ಒಂದು ಸಲ ನೆನೆಸ್ಕೊಳ್ಳಿ, ಅವರೂ ಅದನ್ನೇ ತಿದ್ದಿದ್ರು. ಡಿ.ಎಲ್.ಇಡಿ ವರೆಗೆ ಬಂದವರನ್ನ ಕೇಳಿದ್ರೆ ಯಾವ ಪದ್ಧತಿಯಾದ್ರೂ ಒಳ್ಳೇದೇ ಅನ್ಸತ್ತೆ. ಮನೇಲಿ ಪೇಪರ್ ಬರ್ತಿತ್ತಾ, ಅಕ್ಕ ಪಕ್ಕದಲ್ಲಿ ಕೂತು ಓದ್ತಿದ್ಲಾ, ಅಜ್ಜಿ ಕಥೆ ಹೇಳ್ತಿದ್ರಾ, ಆ ಕೆಲಸದ ಕ್ರೆಡಿಟ್ಟೆಲ್ಲ ನಾವು ತಿದ್ದೋದಕ್ಕೆ ಕೊಟ್ಟುಬಿಟ್ಟಿದೀವಿ. ಮನೇಲಿ ಒಂದು ಪುಸ್ತಕವೂ ಇಲ್ಲದ ಮಗುವಿಗೆ ಆ ಅಕ್ಕನೂ ಅಜ್ಜಿಯೂ ಪೇಪರ್ರೂ ಎಲ್ಲ ನೀವೇ.

ಅದಕ್ಕೇ ನಲಿಕಲಿ ಕ್ಲಾಸಲ್ಲಿ ನನಗೆ ಕಾಣೋ ದೊಡ್ಡ ಕೊರತೆ ಹೇಳ್ತೀನಿ. ಮಕ್ಕಳು ಗುಂಪಾಗಿ ಕೂರೋ ಐದು ತಟ್ಟೆ, ಏಣಿ, ಕಾರ್ಡು, ಪ್ರಗತಿ ನೋಟ, ವ್ಯವಸ್ಥೆ ಒಳ್ಳೇದು, ಮೂರು ಕ್ಲಾಸಿನ ಮಕ್ಕಳು ಒಂದೇ ಕೋಣೇಲಿ ತಮ್ಮ ತಮ್ಮ ವೇಗದಲ್ಲಿ ಹೋಗಬಹುದು, ಒಂದು ವಾರ ಜ್ವರ ಬಂದು ಮಲಗಿದ ಮಗು ಬಿಟ್ಟ ಮೆಟ್ಟಿಲಿಂದಲೇ ಮುಂದುವರೀಬಹುದು, ಇದು ಬೇರೆ ಯಾವ ಕ್ಲಾಸಲ್ಲಿ ಸಾಧ್ಯ ಹೇಳಿ. ಆದ್ರೆ ಕಾರ್ಡು ಮುಗಿಸೋ ಗಡಿಬಿಡೀಲಿ ಟೀಚರ್ ಒಂದು ಇಡೀ ಪುಸ್ತಕ ಹಿಡ್ಕೊಂಡು ಎಲ್ಲರ ಮುಂದೆ ಕೂತು ದನಿ ಏರಿಸಿ ಇಳಿಸಿ ಓದೋದು ಬಿಟ್ಟೇಹೋಗತ್ತೆ. ದಿನಾ ಒಂದು ಕಾಲು ಗಂಟೆ ಓದಿ. ಓದೋವಾಗ ಸಾಲಿನ ಕೆಳಗೆ ಬೆರಳು ಹೋಗ್ತಾ ಇರಲಿ. ಅದೇ ಪುಸ್ತಕ ನಾಲ್ಕು ದಿನ ಓದಿ, ಐದನೇ ದಿನ ಮಕ್ಕಳೇ ನಿಮಗಿಂತ ಮುಂಚೆ ಹೇಳ್ತಾರೆ, ಆಮೇಲೆ ಪುಸ್ತಕ ಅವರ ಕೈಗೆ ಕೊಟ್ಟುಬಿಡಿ. ಪುಸ್ತಕ ಇಲ್ಲ ಅನ್ನೋ ಹಾಗಿಲ್ಲ ಈಗ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಲ್ಲಿ ಮಟ್ಟದ ಪ್ರಕಾರ ಕನ್ನಡ ಕಥೆಗಳು ಪುಕ್ಕಟೆ ಸಿಗತ್ತೆ, ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳಿವೆ, ಇನ್ನೂ ಬೇಕಂದ್ರೆ ಶಾಲೆಯ ಬೀರು ಬೀಗ ತೆಗೆಸಿ ನೋಡಿ, ಪುಸ್ತಕ ಕಳೆದುಹೋಗತ್ತೆ ಅಂತ ಬೀಗ ಹಾಕಿಟ್ಟಿರೋ ಬೀರು ನಮ್ಮಲ್ಲಿ ಬೇಕಾದಷ್ಟಿದೆ. ಕಳೆದುಹೋಗಲಿ ಅಂತೀನಿ ನಾನು, ಹರಿದುಹೋದ್ರೆ ಓದಿದಾರೆ ಅಂತ.

ಪರೀಕ್ಷೆ ಹೇಗೆ ಮಾಡೋದು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ ಯಾಕಂದ್ರೆ ಕೆಲಸಕ್ಕೆ ಸೇರಿದ ದಿನದಿಂದ ಇದೇ ತಲೆನೋವು. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯೋಕೆ 2005ರಿಂದ ನಡೀತಿರೋ ಅಸರ್ ಸಮೀಕ್ಷೆ ಗೊತ್ತಿರಬಹುದು, ಅಕ್ಷರ, ಪದ, ಒಂದನೇ ಕ್ಲಾಸ್ ಮಟ್ಟದ ಪ್ಯಾರಾ, ಎರಡನೇ ಕ್ಲಾಸ್ ಮಟ್ಟದ ಕಥೆ, ಇಷ್ಟೇ ಒಂದು ಹಾಳೆ. ಕೋವಿಡ್ ಆದಮೇಲೆ 2022ರಲ್ಲಿ ನೋಡಿದಾಗ ದೇಶದ ಹಳ್ಳಿಗಳಲ್ಲಿ ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಕಥೆ ಓದಬಲ್ಲವರು ಶೇ. 20.5 ಮಾತ್ರ. ನಿಮ್ಮ ಕ್ಲಾಸಿಗೆ ಅಂಥದ್ದೇ ಒಂದು ಹಾಳೆ ನೀವೇ ಮಾಡ್ಕೊಳ್ಳಿ, ಒಂದೊಂದು ಮಗುವಿನ ಜೊತೆ ಮೂರು ನಿಮಿಷ ಕೂತರೆ ಗೊತ್ತಾಗತ್ತೆ. 2021ರಲ್ಲಿ ಬಂದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೇಲಿ ಎರಡನೇ ಕ್ಲಾಸಿಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೇ ಕ್ಲಾಸಿಗೆ ಕಡಿಮೆ ಅಂದ್ರೂ 60 ಅಂತ ಗುರಿ ಇದೆ. ಗುರಿ ಇರಲಿ, ಆದ್ರೆ ಕನ್ನಡದ ಪದ ಎಷ್ಟು ಉದ್ದ ಅಂತ ಲೆಕ್ಕ ಹಿಡೀಬೇಕು. ಹೋಗುತ್ತಿದ್ದಾರೆ ಅನ್ನೋದು ಒಂದು ಪದ, ಮನೆಯಲ್ಲಿರುವವರಿಗೆಲ್ಲ ಅನ್ನೋದೂ ಒಂದೇ ಪದ, ಮರ ಅನ್ನೋದೂ ಒಂದು. ಸ್ಟಾಪ್‌ವಾಚ್ ಹಿಡಿದು ಓಡಿಸಿದ್ರೆ ಮಕ್ಕಳು ವೇಗ ಕಲೀತಾರೆ, ಉಸಿರು ಬಿಡದೆ ಓದಿ ಮುಗಿಸಿ ಏನಿತ್ತು ಅಂದ್ರೆ ತಲೆ ಕೆರ್ಕೋತಾರೆ. ನನ್ನ ಕೇಳಿದ್ರೆ ಪದದ ಬದಲು ಅಕ್ಷರ ಎಣಿಸೋದು ಸ್ವಲ್ಪ ನ್ಯಾಯ, ಓದಿ ಆದಮೇಲೆ ಎರಡು ಪ್ರಶ್ನೆ ಕೇಳೋದು ಇನ್ನೂ ನ್ಯಾಯ.

ಎಲ್ಲ ಮಾಡಿದ್ರೂ ಒಂದಿಬ್ಬರು ಮುಂದೆ ಹೋಗದೇ ಇರಬಹುದು. ಮೊದಲು ಕಣ್ಣು, ಕಿವಿ ತೋರಿಸಿ, ಹಿಂದಿನ ಬೆಂಚಿಂದ ಬೋರ್ಡೇ ಕಾಣದ ಮಗುವನ್ನ ಸೋಮಾರಿ ಅಂತ ಅಂದ್ಕೊಂಡಿರ್ತೀವಿ. ಆಮೇಲೆ ಹಾಜರಿ ನೋಡಿ, ಸುಗ್ಗಿಗೆ ಕೆಲಸಕ್ಕೆ ಅಂತ ಮನೆಯವರ ಜೊತೆ ಊರು ಬಿಟ್ಟು ಹೋಗೋ ಮಕ್ಕಳು ನಿಮ್ಮ ಕಡೆ ಜಾಸ್ತಿ. ಇವೆಲ್ಲ ಅಲ್ಲ ಅಂತಾದಮೇಲೆ ಕಲಿಕಾ ತೊಂದರೆ ಇರಬಹುದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದೂ ಸೇರಿದೆ, ಪರೀಕ್ಷೆ ಮಾಡೋಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಒಂದನೇ ಕ್ಲಾಸಲ್ಲೇ ನೀವಾಗಿ ನೀವೇ ಡಿಸ್ಲೆಕ್ಸಿಯಾ ಅಂತ ಹೆಸರಿಡೋದು ಬೇಡ, ಆ ವಯಸ್ಸಲ್ಲಿ ಅಕ್ಷರ ತಿರುಗಾ ಮುರುಗಾ ಬರೆಯೋದು ಬಹಳಷ್ಟು ಮಕ್ಕಳು ಮಾಡ್ತಾರೆ.

ಇನ್ನು ನಿಮ್ಮ ಇಂಟರ್ನ್‌ಶಿಪ್ ವಿಷಯ. ಪಾಠಯೋಜನೆ ಬರೀಬೇಕು, ಅದರಲ್ಲಿ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಅಂತ ಕಾಲಂ ಇರತ್ತೆ, ಇರಲಿ, ಬರೀರಿ, ಮಾರ್ಕ್ಸ್ ಬೇಕಲ್ಲ. ಜೊತೆಗೆ ಬೇರೆ ಒಂದು ಸಣ್ಣ ನೋಟ್‌ಬುಕ್ ಇಟ್ಕೊಂಡು ನಾಲ್ಕೇ ನಾಲ್ಕು ಮಕ್ಕಳನ್ನ ಆರಿಸಿಕೊಳ್ಳಿ, ದಿನಾ ಅವರು ತಾವಾಗಿ ಬರೆದ ಒಂದು ಸಾಲು ಇದ್ದದ್ದು ಇದ್ದ ಹಾಗೆ ಇಳಿಸಿಕೊಂಡು ಪಕ್ಕದಲ್ಲಿ ಈ ಮಗುವಿಗೆ ಏನು ಬರತ್ತೆ, ಮುಂದೇನು ಅಂತ ಎರಡು ಮಾತು ಬರೀರಿ. ಮೊದಲ ವಾರ ಏನೂ ಹೊಳೆಯಲ್ಲ. ಬೋರ್ಡ್ ನೋಡಿ ಬರೆಸೋದನ್ನ ಪೂರ್ತಿ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ, ಕ್ಲಾಸ್ ಟೀಚರ್ ಅವರಿಗೂ ಬೇಜಾರಾಗಬಾರದು, ನೀವು ಅಲ್ಲಿ ನೆಂಟರು. ಬರೆಸಿ, ಆದ್ರೆ ಬರೆದ ಒಂದು ಪದವನ್ನಾದ್ರೂ ಪ್ರತಿ ಮಗು ಬೆರಳಿಟ್ಟು ಓದಿ ತೋರಿಸಿದ ಮೇಲೆ ಊಟಕ್ಕೆ ಬಿಡಿ, ಓದೋಕೆ ಬರದವರಿಗೆ ನೀವೇ ಕಿವೀಲಿ ಹೇಳಿಕೊಡಿ. ಮತ್ತೆ ಏನಾದ್ರೂ ಕೇಳೋದಿದ್ರೆ ಆ ಸಣ್ಣ ನೋಟ್‌ಬುಕ್ಕಿನ ಎರಡು ಪುಟದ ಫೋಟೋ ಜೊತೆಗೆ ಕಳಿಸಿ, ಮಕ್ಕಳ ಹೆಸರು ಮುಚ್ಚಿ. ಬೋರ್ಡಿಂದ ಇಳಿಸಿದ ಚಂದದ ಪುಟ ಬೇಡ, ಕಾಟು ಗೀಟು ಇರೋದೇ ಬೇಕು.